ತರುಣರಿಗೆ ಸೇವೆಯ ದಾರಿ ತೋರಿದ ಡಾ. ಹರ್ಡೀಕರರು

ಹರ್ಡೀಕರರೆಂದೊಡನೆ ನಮ್ಮಲ್ಲಿ ಅನೇಕರಿಗೆ ಹರ್ಡೇಕರ ಮಂಜಪ್ಪನವರ ನೆನಪಾಗುವುದುಂಟು. ಮಂಜಪ್ಪನವರು ಬೇರೆ, ಹುಬ್ಬಳ್ಳಿಯ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು ಬೇರೆ. ನಾಡಹಬ್ಬದ ಈ ಸಂದರ್ಭದಲ್ಲಿ ನೆನೆಯಬೇಕೆಂದಿರುವುದು ಎರಡನೆಯವರನ್ನು.

ಹರ್ಡೀಕರರು 1889ರ ಮೇ 7ರಂದು ವಿಜಾಪುರ ಜಿಲ್ಲೆಯ ತಿಡಗುಂದಿಯಲ್ಲಿ ಜನಿಸಿದರು. ಕಲಕತ್ತೆಯಲ್ಲಿ ವೈದ್ಯ ವಿದ್ಯೆಯನ್ನು ಕಲಿತು, 1913ರಲ್ಲಿ ಅಮೇರಿಕೆಗೆ ತೆರಳಿ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಸಿಸಿದರು. ಅಲ್ಲಿಯೇ ಲಾಲಾ ಲಜಪತರಾಯರೊಡನೆ ಕೂಡಿ ದೇಶದ ಕಾರ್ಯವನ್ನೂ ಮಾಡಿದರು. ಪರಸ್ಥಳದಲ್ಲಿರುವ ನಾವು ಮನಗಾಣಬೇಕಾದ ಸಂಗತಿಯಿದು: ದೂರ ಹೋದವರಿಗೂ ನಾಡಿನ ಋಣ ತಪ್ಪಿದ್ದಲ್ಲ.

1921ರಲ್ಲಿ ಮರಳಿದ ಅವರು ಹಣ ಗಳಿಸುವ ದವಾಖಾನೆ ತೆರೆಯುವ ಬದಲು ಹುಬ್ಬಳ್ಳಿಯ ತರುಣರನ್ನು ಕೂಡಿಸಿ ಸೇವಾ ಮಂಡಲವನ್ನು ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದ ಎಷ್ಟೋ ಮಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಮಾತ್ರ ಕದಲಲಿಲ್ಲ. ಉತ್ಸಾಹಕ್ಕೆ ಶಿಸ್ತು ಬೆರೆತರೆ ಏನಾದೀತೆಂಬುದನ್ನು ದೇಶ ಕಂಡಿತು. ಅದೇ ವರ್ಷದ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ಅಂಕುರಾರ್ಪಣವಾಯಿತು. ಕವಾಯತು, ಸಮವಸ್ತ್ರಗಳನ್ನು ಕಂಡು ಇದು ಸೈನ್ಯದ ಅನುಕರಣವಾದೀತೆಂದು ಕೆಲವು ಹಿರಿಯರು ಶಂಕಿಸಿದರು. ಹರ್ಡೀಕರರು ವಾದಕ್ಕೆ ಇಳಿಯದೆ ಕೆಲಸ ಮಾಡಿ ತೋರಿಸಿದರು.

ಪರೀಕ್ಷೆಯ ಕಾಲ 1924ರ ಡಿಸೆಂಬರಿನಲ್ಲಿ ಬಂದಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ಸೇರಿತು. ದೇಶದ ಮೂಲೆಮೂಲೆಗಳಿಂದ ಜನ ಬಂದರು. ಕುಡಿಯುವ ನೀರಿಗಾಗಿ ಬಾವಿಯನ್ನು ತೋಡಿಸಲಾಗಿತ್ತು. ಟಿಳಕವಾಡಿಯ ಆ ಬಾವಿ ಇಂದಿಗೂ ಕಾಂಗ್ರೆಸ್ ಬಾವಿಯೆಂದೇ ಪ್ರಸಿದ್ಧವಾಗಿದೆ. ಜನಸಂದಣಿಯನ್ನು ನಿಯಂತ್ರಿಸುವುದು, ನೀರು ನೈರ್ಮಲ್ಯಗಳನ್ನು ನೋಡಿಕೊಳ್ಳುವುದು ಸ್ವಯಂಸೇವಕರ ಪಾಲಿಗೆ ಬಂದವು. ಓದಿದ ಮನೆತನದ ಹುಡುಗರು ಕಕ್ಕಸು ಶುಚಿಮಾಡಲು ಹಿಂಜರಿಯಲಿಲ್ಲ. ಉಮಾಬಾಯಿ ಕುಂದಾಪುರ ಅವರ ಮುಂದಾಳುತನದಲ್ಲಿ ಮಹಿಳೆಯರೂ ಮನೆಯ ಹೊಸ್ತಿಲು ದಾಟಿ ಸೇವೆಗೆ ನಿಂತರು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1932ರಲ್ಲಿ ಸರಕಾರ ದಳವನ್ನು ನಿಷೇಧಿಸಿತು. ಆದರೆ ಬೇರೂರಿದ ಅಭ್ಯಾಸವನ್ನು ನಿಷೇಧಿಸುವುದು ಯಾರಿಂದ ಸಾಧ್ಯ? 1934ರ ಬಿಹಾರ ಭೂಕಂಪದ ಸಮಯದಲ್ಲಿ ಉಮಾಬಾಯಿಯವರು ಸಂತ್ರಸ್ತರ ನೆರವಿಗೆ ಅಲ್ಲಿಗೇ ಹೋದರು. ಹರ್ಡೀಕರರ ವೈದ್ಯ ಹೃದಯವೂ ಸುಮ್ಮನಿರಲಿಲ್ಲ. 1929ರಲ್ಲಿ ಘಟಪ್ರಭೆಯಲ್ಲಿ ಹುಟ್ಟಿದ ಕರ್ನಾಟಕ ಆರೋಗ್ಯಧಾಮದ ಸ್ಥಾಪಕರಲ್ಲಿ ಅವರೂ ಒಬ್ಬರು. ಸ್ವಾತಂತ್ರ್ಯಾನಂತರ 1952ರಿಂದ 1962ರ ವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಗೌರವ ಸಂದಿತು. 1975ರ ಆಗಸ್ಟ್ 26ರಂದು ನಿಧನ ಹೊಂದಿದರು.

ಬ್ಯಾಂಕಿನ ಲೆಕ್ಕದಲ್ಲಿ ಜಮೆಯಿಲ್ಲದೆ ಖರ್ಚು ಬರೆಯಲು ಬರುವುದಿಲ್ಲ. ನಾವು ನೆಲೆಸಿದ ಈ ನಗರದ ನೀರು ಕುಡಿಯುತ್ತೇವೆ, ರಸ್ತೆಯಲ್ಲಿ ನಡೆಯುತ್ತೇವೆ. ನಮ್ಮ ಖಾತೆಗೆ ಜಮೆಯಾದದ್ದೆಷ್ಟು? ಓಣಿಯ ಚರಂಡಿ ಕಟ್ಟಿದರೆ ಪಾಲಿಕೆಯನ್ನು ಬೈದು ಬಾಗಿಲು ಹಾಕಿಕೊಳ್ಳುವುದು ನಮಗೆ ರೂಢಿಯಾಗಿದೆ. ನಮ್ಮ ಮಕ್ಕಳು ಹತ್ತು ಮಂದಿ ಕೂಡಿ, ಭಾನುವಾರದ ಎರಡು ಗಂಟೆ ಓಣಿಗೆ ಕೊಟ್ಟು, ಅಹವಾಲನ್ನು ಬರೆದು ಪಾಲಿಕೆಗೆ ಮುಟ್ಟಿಸಲಿ; ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರೆರೆಯಲಿ. ಹಿರಿಯರಾದ ನಾವು ಅಡ್ಡ ಬಾರದೆ ಬೆನ್ನಿಗೆ ನಿಲ್ಲೋಣ. ಕನ್ನಡಿಗರು ಇರುವ ಓಣಿ ಚೊಕ್ಕಟವಾಗಿರುತ್ತದೆಂದು ನೆರೆಹೊರೆಯವರು ಆಡಿಕೊಂಡರೆ ನಮ್ಮ ರಾಜ್ಯೋತ್ಸವ ಸಾರ್ಥಕ.