ಕ್ಯಾನ್ವಾಸ್ ಸೀಳಿದ ಕಲಾವಿದ

ನಮ್ಮ ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಹಾಳೆ ಹರಿದರೆ ಚಿತ್ರ ಕೆಟ್ಟಿತೆಂದೇ ಲೆಕ್ಕ. ಸೀಳನ್ನೇ ಚಿತ್ರವಾಗಿಸಿದ ಒಬ್ಬರನ್ನು ಇಲ್ಲಿ ಪರಿಚಯಿಸುತ್ತೇನೆ.

ಲೂಸಿಯೊ ಫೊಂಟಾನ 1899ರಲ್ಲಿ ಅರ್ಜೆಂಟೀನಾದ ರೊಸಾರಿಯೊದಲ್ಲಿ ಹುಟ್ಟಿದರು. ಇಟಲಿ ಮೂಲದ ತಂದೆ ಶಿಲ್ಪಿ; ಮಗನೂ ಮೊದಲು ಶಿಲ್ಪಿಯೇ. ಬಟ್ಟೆಯ ಮೇಲೆ ಆಳ ಇರುವಂತೆ ತೋರಿಸುವುದು ಅವರಿಗೆ ಸಾಲದೆ ಹೋದದ್ದು ಅದಕ್ಕೇ ಎಂದು ನನ್ನ ಅನಿಸಿಕೆ. ಯುದ್ಧಕಾಲವನ್ನು ಅರ್ಜೆಂಟೀನಾದಲ್ಲಿ ಕಳೆದು 1947ರಲ್ಲಿ ಮಿಲಾನ್‌ಗೆ ಮರಳಿದಾಗ ಅವರ ಸ್ಟುಡಿಯೊ ಬಾಂಬಿಗೆ ನಾಶವಾಗಿತ್ತು. ಆಗ ಅವರಿಗೆ ನಲವತ್ತೆಂಟು ವರ್ಷ. ಅಲ್ಲಿಂದ ಹೊಸದಾಗಿ ಶುರುಮಾಡಿದರು. 1949ರಲ್ಲಿ ಕ್ಯಾನ್ವಾಸಿಗೆ ತೂತು ಹೊಡೆದರು, 1958ರಲ್ಲಿ ಸೀಳಿದರು.

ಇದು ಸಿಟ್ಟಿನ ಕೆಲಸವಲ್ಲ. ಒಂದೇ ಬಣ್ಣ ಬಳಿದ ಬಟ್ಟೆಯನ್ನು ಚೂರಿಯಿಂದ ಒಂದೇ ಎಳೆತಕ್ಕೆ ಕೊಯ್ದು, ಅಂಚನ್ನು ಕೈಯಿಂದ ಮೆಲ್ಲಗೆ ಬಾಗಿಸಿ, ಹಿಂದೆ ಕಪ್ಪು ಜಾಳು ಬಟ್ಟೆ ಹಚ್ಚುತ್ತಿದ್ದರು. ಸೀಳಿನೊಳಗೆ ಗೋಡೆ ಕಾಣದು, ಬರಿಯ ಕತ್ತಲೆ. ನನ್ನ ಕೆಲಸದಲ್ಲಿ ‘ಅನ್‌ಡೂ’ ಇದೆ, ಅವರ ಚೂರಿಗೆ ಅದಿರಲಿಲ್ಲ. ಈ ಚಿತ್ರಗಳಿಗೆ ಅವರಿಟ್ಟ ಹೆಸರಿನಲ್ಲಿ ‘ನಿರೀಕ್ಷೆ’ ಎಂಬ ಅರ್ಥದ ಇಟಾಲಿಯನ್ ಪದವಿದೆ.

1966ರ ವೆನಿಸ್ ಬಿಯೆನಾಲೆಯಲ್ಲಿ, ಬಿಳಿಯ ಕೋಣೆಯಲ್ಲಿ ಬಿಳಿಯ ಸೀಳುಚಿತ್ರಗಳನ್ನಿಟ್ಟು ಚಿತ್ರಕಲೆಯ ಬಹುಮಾನವನ್ನೇ ಪಡೆದರು. ಎರಡು ವರ್ಷಕ್ಕೆ ತೀರಿಕೊಂಡರು.