ಕಂಕನಾಡಿಯ ಆಲದ ಮರದಡಿಯಿಂದ: ವಂದನೀಯ ಆಗಸ್ಟಸ್ ಮುಲ್ಲರ್ ಸ್ವಾಮಿಗಳ ಜೀವನ ಮತ್ತು ಸೇವೆ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಧರ್ಮಸಭೆಯ ವೈದ್ಯಕೀಯ ಸೇವೆಯನ್ನು ಕುರಿತು ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದುದು ನಾನು ಓದಿದ ಗುರುಮಠದ ಒಂದು ಹಳೆಯ ಬೀರು. ಅದರೊಳಗೆ ಸಾಲಾಗಿ ನಿಂತಿದ್ದ ಪುಟ್ಟ ಗಾಜಿನ ಸೀಸೆಗಳು, ಸಾಸಿವೆಯ ಗಾತ್ರದ ಸಕ್ಕರೆ ಗುಳಿಗೆಗಳು, ಅಂಟಿಸಿದ ಚೀಟಿಗಳ ಮೇಲೆ ಕಂಕನಾಡಿಯ ಹೆಸರು. ನೆಗಡಿಗೂ ಆ ಬೀರುವೇ, ಜ್ವರಕ್ಕೂ ಆ ಬೀರುವೇ. ಕೋರ, ಗುಬ್ಬಿ, ಕುಣಿಗಲ್ ಸೀಮೆಯ ನಮಗೆ ಮಂಗಳೂರು ಘಟ್ಟದ ಕೆಳಗಿನ ದೂರದ ಊರು. ಆದರೂ ನಮ್ಮ ನಾಡಿನಲ್ಲಿ ಖಾಸಗಿ ಆಸ್ಪತ್ರೆಯೊಂದು ಹೇಗೆ ಹುಟ್ಟಿತು, ಯಾರಿಗಾಗಿ ಹುಟ್ಟಿತು ಎಂದು ತಿಳಿಯಬಯಸುವವರು ಆ ಸೀಸೆಗಳ ಹಿಂದಿದ್ದ ಗುರುವಿನ ಬಾಳನ್ನು ಅರಿಯಲೇಬೇಕು.

ಆಗಸ್ಟಸ್ ಮುಲ್ಲರರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ತಾರುಣ್ಯದಲ್ಲಿಯೇ ಯೇಸು ಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. ಮಂಗಳೂರಿನ ಕಥೋಲಿಕರು ತಮ್ಮ ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕಾಗಿ ಜೆಸ್ವಿತ್ ಗುರುಗಳನ್ನು ಕಳುಹಿಸಬೇಕೆಂದು ರೋಮಿಗೆ ಬಹುಕಾಲ ಬಿನ್ನವಿಸಿಕೊಂಡ ಫಲವಾಗಿ, ಹದಿಮೂರನೆಯ ಲಿಯೋ ಜಗದ್ಗುರುಗಳ ಕಾಲದಲ್ಲಿ, 1878ರ ಡಿಸೆಂಬರ್ 31ರಂದು ಮೊದಲ ತಂಡ ಆ ಬಂದರಿನಲ್ಲಿ ಬಂದಿಳಿಯಿತು. ಇಟಲಿಯ ವೆನಿಸ್ ಪ್ರಾಂತದ ಸುಪರ್ದಿಗೆ ಒಪ್ಪಿಸಲಾಗಿದ್ದ ಆ ಮಿಶನ್ನಿಗೆ ಬಂದ ಜರ್ಮನರು ಇವರು. ಮಂಗಳೂರಿಗೆ ಜರ್ಮನರೇನೂ ಹೊಸಬರಲ್ಲ. ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ 1834ರಿಂದಲೇ ಅಲ್ಲಿ ನೆಲೆಯೂರಿ ಅಚ್ಚುಕೂಟವನ್ನೂ ಹೆಂಚಿನ ಕಾರ್ಖಾನೆಯನ್ನೂ ನಡೆಸುತ್ತಿತ್ತು.

ಮುಲ್ಲರ್ ಸ್ವಾಮಿಗಳು ಬಂದುದು ಪಾಠ ಹೇಳಲು. 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಆದರೆ ಅವರಿಗೆ ಹೋಮಿಯೋಪಥಿಯ ಪರಿಚಯವಿತ್ತು. ಕಾಯಿಲೆಯವರು ಕಂಡರೆ ಸುಮ್ಮನಿರಲಾಗದ ಸ್ವಭಾವವೂ ಇತ್ತು. ಅದೇ 1880ರಲ್ಲಿ ಕಂಕನಾಡಿಯ ಒಂದು ಆಲದ ಮರದ ಕೆಳಗೆ ಬಡವರಿಗೆ ಔಷಧ ಕೊಡಲಾರಂಭಿಸಿದರು. ಬಡವರ ಹೋಮಿಯೋಪಥಿ ಔಷಧಾಲಯವೆಂದು ಹೆಸರಾದ ಸಂಸ್ಥೆಯ ಮೊದಲ ಕಟ್ಟಡ ಆ ಮರವೇ ಎನ್ನಬಹುದು.

ಮೊದಲು ಜರ್ಮನಿಯಲ್ಲಿ ಹಾನೆಮಾನ್ ಎಂಬ ವೈದ್ಯರು ಹುಟ್ಟುಹಾಕಿದ ಆ ಪದ್ಧತಿ ಬಡ ಮಿಶನ್ನಿಗೆ ಒಗ್ಗಿದ್ದು ಆಶ್ಚರ್ಯವಲ್ಲ. ಔಷಧದ ಪ್ರಮಾಣ ಅತ್ಯಲ್ಪ, ಹೊರುವ ಭಾರವಿಲ್ಲ, ಬೆಲೆ ಸ್ವಲ್ಪ. ಸೀಸೆಯನ್ನು ಅಂಚೆಯಲ್ಲಿ ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಇಟಲಿಯ ಕೌಂಟ್ ಮತ್ತೇಯಿ ಎಂಬವರು ಸಿದ್ಧಪಡಿಸುತ್ತಿದ್ದ ಔಷಧಗಳನ್ನೂ ಸ್ವಾಮಿಗಳು ತರಿಸಿ ಬಳಸಿದರು. ಕಂಕನಾಡಿಯ ಔಷಧಗಳು ಬರಬರುತ್ತ ಭಾರತದ ನಾನಾ ಭಾಗಗಳಿಗೆ ಹೋಗತೊಡಗಿದವು. ದೂರದ ಊರಿನವರು ಕೊಂಡ ಗುಳಿಗೆಯ ಹಣ ಹತ್ತಿರದ ನಿರ್ಗತಿಕನ ಆರೈಕೆಗೆ ನೆರವಾಗುತ್ತಿತ್ತು. ವ್ಯಾಪಾರವಿರಲಿಲ್ಲವೆಂದಲ್ಲ, ಇತ್ತು, ಅದು ರೋಗಿಯ ಸೇವೆಗೆ ಆಳಾಗಿತ್ತು. ಆಸ್ಪತ್ರೆಯ ಬಿಲ್ಲನ್ನು ಕೈಯಲ್ಲಿ ಹಿಡಿದು, ಹೊಲವನ್ನು ಅಡವಿಡಲೇ ಸ್ವಾಮಿ ಎಂದು ಕೇಳುವ ನಮ್ಮ ವಿಶ್ವಾಸಿಗಳನ್ನು ಕಂಡಾಗಲೆಲ್ಲ ನನಗೆ ಈ ಲೆಕ್ಕಾಚಾರ ನೆನಪಾಗುತ್ತದೆ.

ಔಷಧಕ್ಕೆ ಬಂದವರಲ್ಲಿ ಔಷಧವೊಂದೇ ಸಾಲದವರಿದ್ದರು. ಕುಷ್ಠರೋಗ ಅಂಟಿದವನಿಗೆ ಆಗ ಮನೆಯಿಲ್ಲ, ಬಾವಿಯಿಲ್ಲ, ಸಂತೆಯಿಲ್ಲ. ಸ್ವಂತ ಮಕ್ಕಳೇ ಹೊರಹಾಕುತ್ತಿದ್ದರು. ಪೆಸಿಫಿಕ್ ಸಾಗರದ ಮೊಲೊಕಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಬಾಳಿದ ದಾಮಿಯನ್ ಸ್ವಾಮಿಗಳು ಅದೇ ರೋಗದಿಂದ 1889ರಲ್ಲಿ ಮಡಿದರು. ಮರುವರ್ಷ, 1890ರಲ್ಲಿ, ಮುಲ್ಲರ್ ಸ್ವಾಮಿಗಳು ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಶ್ರಯವನ್ನು ತೆರೆದರು. ನಿರ್ಗತಿಕ ಕುಷ್ಠರೋಗಿಗಳನ್ನು ಪ್ರತ್ಯೇಕಿಸಿಡಲು ಸರಕಾರದ ಕಾಯಿದೆ ಬಂದುದು 1898ರಲ್ಲಿ. ಅದಕ್ಕೂ 8 ವರ್ಷ ಮೊದಲೇ ಇಲ್ಲಿ ಅವರಿಗೆ ಸೂರು ದೊರೆತಿತ್ತು.

ಇಲ್ಲಿ ಸತ್ಯವನ್ನು ಮುಚ್ಚಿಡಬಾರದು. ಮುಲ್ಲರ್ ಸ್ವಾಮಿಗಳ ಗುಳಿಗೆಗಳು ಕುಷ್ಠವನ್ನು ಗುಣಪಡಿಸಿದವೆಂದು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ರೋಗದ ಕ್ರಿಮಿಯನ್ನು ನಾರ್ವೆಯ ಹಾನ್ಸೆನ್ 1873ರಲ್ಲಿಯೇ ಕಂಡಿದ್ದರೂ ನಂಬಬಹುದಾದ ಮದ್ದು ದೊರೆತದ್ದು 1940ರ ದಶಕದಲ್ಲಿ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಹಾಗಾದರೆ ಆ 50 ವರ್ಷ ಕಂಕನಾಡಿಯ ರೋಗಿಗಳಿಗೆ ಸಿಕ್ಕಿದ್ದೇನು? ಹಾಸಿಗೆ, ಊಟ, ಹುಣ್ಣು ತೊಳೆಯುವ ಕೈ, ಸತ್ತಾಗ ಮಣ್ಣಿಗಿಡುವ ಜನ. ಸ್ವಾಮಿಗಳು ತಮ್ಮ ಔಷಧವನ್ನು ಮನಸಾರೆ ನಂಬಿದ್ದರು. ಆ ನಂಬಿಕೆಯಲ್ಲಿ ಅವರು ತಪ್ಪಿದ್ದಿರಬಹುದು. ಆದರೆ ಯಾರನ್ನು ಒಳಗೆ ಕರೆಯಬೇಕೆಂಬ ತೀರ್ಮಾನದಲ್ಲಿ ಅವರು ತಪ್ಪಲಿಲ್ಲವೆಂಬುದು ನನ್ನ ಅಭಿಪ್ರಾಯ.

1895ರಲ್ಲಿ ಸಾಮಾನ್ಯ ರೋಗಿಗಳಿಗಾಗಿ ಆಸ್ಪತ್ರೆ ಎದ್ದಿತು. ಅಷ್ಟರಲ್ಲಿ ಪ್ಲೇಗು ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ 1898ರಲ್ಲಿ ಬೆಂಗಳೂರನ್ನು ಹೊಕ್ಕು ಮೈಸೂರು ಸಂಸ್ಥಾನವನ್ನೆಲ್ಲ ನಡುಗಿಸಿತು. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ಬಯಲುಸೀಮೆಯ ಮನೆಮನೆಗಳಲ್ಲಿ ಹಿರಿಯರು ಹೇಳಿಕೊಂಡು ಬಂದಿದ್ದಾರೆ. 1902ರಲ್ಲಿ ಅದು ಮಂಗಳೂರನ್ನು ಮುಟ್ಟಿತು. ರೋಗಿಯನ್ನು ಬಿಟ್ಟು ಬಂಧುಗಳೇ ಓಡುತ್ತಿದ್ದ ಆ ದಿನಗಳಲ್ಲಿ, 60 ವರ್ಷ ದಾಟಿದ್ದ ಮುಲ್ಲರ್ ಸ್ವಾಮಿಗಳು ಪ್ಲೇಗಿನವರಿಗಾಗಿಯೇ ಬೇರೊಂದು ಆಸ್ಪತ್ರೆ ತೆರೆದರು. ಅವರ ಸಂಸ್ಥೆ ಬೆಳೆದ ರೀತಿಯೇ ಇದು: ಯಾರಿಗೆ ಬಾಗಿಲು ಮುಚ್ಚಿತೋ ಅವರಿಗಾಗಿ ಮತ್ತೊಂದು ಕೋಣೆ.

1907ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರೆಹೋದರು.

ಸಂಸ್ಥೆ ಮುಂದೆ ಮಂಗಳೂರು ಧರ್ಮಪ್ರಾಂತದ ಆಡಳಿತಕ್ಕೆ ಬಂದಿತು. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ಇಂದು ಅದು ಸಾವಿರಕ್ಕೂ ಮಿಕ್ಕಿ ಹಾಸಿಗೆಗಳ ಮಹಾಸಂಸ್ಥೆ; ಶಸ್ತ್ರಚಿಕಿತ್ಸೆ, ಹೆರಿಗೆ, ಹೃದಯರೋಗ ಎಲ್ಲಕ್ಕೂ ಆಧುನಿಕ ವೈದ್ಯವೇ ಅಲ್ಲಿ ನಡೆಯುತ್ತದೆ. ಹೋಮಿಯೋಪಥಿ ವಿಭಾಗ ದೇರಳಕಟ್ಟೆಯಲ್ಲಿದೆ. ಸೀಸೆಗಳು ಇಂದಿಗೂ ತಯಾರಾಗುತ್ತಿವೆ. ಫಲಕದ ಮೇಲೆ ಉದ್ದನೆಯ ಹೆಸರಿದ್ದರೂ ಮಂಗಳೂರಿನ ಜನ ಅದನ್ನು ಕರೆಯುವುದು ಕಂಕನಾಡಿ ಆಸ್ಪತ್ರೆ, ಇಲ್ಲವೇ ಫಾದರ್ ಮುಲ್ಲರ್ಸ್ ಎಂದು.