ಫ್ರಾನ್ಸಿಸ್ಕೋ ಗೋಯಾ: ಮಾಟಗಾತಿಯ ಚಿತ್ರಗಳ ಹಿನ್ನೆಲೆಯಲ್ಲಿ ಒಂದು ಜೀವನಕಥನ

ಯುರೋಪಿನ ಚಿತ್ರಕಲೆಯಲ್ಲಿ ಮಾಟಗಾತಿಯ ರೂಪವು ಖಚಿತಗೊಂಡದ್ದು 1500ರ ಆಸುಪಾಸಿನ ಜರ್ಮನ್ ಅಚ್ಚುಚಿತ್ರಗಳಲ್ಲಿ. ಆಲ್‌ಬ್ರೆಕ್ಟ್ ಡ್ಯೂರರ್ ಹೋತದ ಮೇಲೆ ಹಿಂದುಮುಂದಾಗಿ ಕುಳಿತ ಮುದುಕಿಯನ್ನು ಕೊರೆದನು. ಅವನ ಕಾರ್ಯಾಗಾರದಲ್ಲಿ ಪಳಗಿದ ಹಾನ್ಸ್ ಬಾಲ್ಡುಂಗ್ 1510ರಲ್ಲಿ ರಾತ್ರಿಯ ಕಾಡಿನಲ್ಲಿ ಮಡಕೆಯ ಸುತ್ತ ನೆರೆದ ಬೆತ್ತಲೆ ಹೆಂಗಸರ ಮರಗೆತ್ತನೆಯ ಚಿತ್ರವನ್ನು ಪ್ರಕಟಿಸಿದನು. ಆ ಕಾಲಕ್ಕೆ ಅದೇ ನಾಡುಗಳಲ್ಲಿ ಮಾಟದ ಆರೋಪ ಹೊತ್ತವರನ್ನು ವಿಚಾರಣೆ ನಡೆಸಿ ಸುಡಲಾಗುತ್ತಿತ್ತು. ಹೀಗಾಗಿ ಚಿತ್ರವೂ ನ್ಯಾಯಾಲಯವೂ ಒಂದನ್ನೊಂದು ಪೋಷಿಸುತ್ತಿದ್ದವು ಎಂದರೆ ತಪ್ಪಾಗಲಾರದು. ಸುಮಾರು ಮೂರು ಶತಮಾನಗಳ ಬಳಿಕ ಸ್ಪೇನಿನ ಫ್ರಾನ್ಸಿಸ್ಕೋ ಗೋಯಾ ಇದೇ ಹೋತ, ಇದೇ ಪೊರಕೆ, ಇದೇ ಮುದುಕಿಯನ್ನು ಮತ್ತೆ ಕೈಗೆತ್ತಿಕೊಂಡನು. ಆದರೆ ಅವನ ನಾಡಿನಲ್ಲಿ ಮಾಟಗಾತಿಯರ ಸಾಮೂಹಿಕ ವಿಚಾರಣೆಗಳು ನಿಂತು ಬಹುಕಾಲವಾಗಿತ್ತು. ಅರಮನೆಯ ಮನ್ನಣೆ ಪಡೆದ ಕಲಾವಿದನೊಬ್ಬ ಸತ್ತುಹೋಗಿದ್ದ ವಸ್ತುವೊಂದಕ್ಕೆ ಮರಳಿ ಮರಳಿ ಬಂದುದೇಕೆ ಎಂಬುದು ಅವನ ಬದುಕಿನ ಮುಖ್ಯ ಪ್ರಶ್ನೆಗಳಲ್ಲೊಂದು.

ಇಲ್ಲಿ ಪದವೊಂದರ ಬಗ್ಗೆ ಎಚ್ಚರ ಅಗತ್ಯ. ಕನ್ನಡದಲ್ಲಿ ಮಾಟಗಾತಿ ಎಂದೊಡನೆ ಹಗೆಗಾಗಿಯೋ ಹಣಕ್ಕಾಗಿಯೋ ಮಾಟ ಮಾಡಿಸುವ, ಮಾಡುವ ಹೆಂಗಸು ಕಣ್ಣಮುಂದೆ ಬರುತ್ತಾಳೆ. ಯುರೋಪಿನ ಕ್ರೈಸ್ತ ಪಂಡಿತರು ಕಲ್ಪಿಸಿದ ಮಾಟಗಾತಿಯಾದರೋ ಸೈತಾನನೊಂದಿಗೆ ಕರಾರು ಮಾಡಿಕೊಂಡವಳು, ರಾತ್ರಿ ಹಾರಿಹೋಗಿ ಹೋತನ ರೂಪದ ಅವನನ್ನು ಪೂಜಿಸುವವಳು, ಹಸುಗೂಸುಗಳನ್ನು ಅರ್ಪಿಸುವವಳು. ಅವಳ ಅಪರಾಧ ನೆರೆಯವರಿಗೆ ಕೇಡು ಬಗೆದುದಷ್ಟೇ ಅಲ್ಲ, ದೇವರಿಗೆ ದ್ರೋಹ ಎಸಗಿದ್ದು. ಈ ಕೂಟಕ್ಕೆ ಸ್ಪೇನಿನಲ್ಲಿ ನಿಂತ ಹೆಸರು ಅಕೆಲಾರ್ರೆ. ಬಾಸ್ಕ್ ಭಾಷೆಯ ಈ ಪದಕ್ಕೆ ಹೋತದ ಬಯಲು ಎಂದು ಅರ್ಥ.

ಗೋಯಾ ಹುಟ್ಟಿದ್ದು 1746ರ ಮಾರ್ಚ್ 30ರಂದು, ಅರಗಾನ್ ಪ್ರಾಂತದ ಫುಯೆಂದೆತೋದೋಸ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಚಿನ್ನದ ರೇಕು ಹಚ್ಚುವ ಕಸುಬಿನವನು. ಸರಗೋಸಾ ನಗರದಲ್ಲಿ ಹೋಸೆ ಲುಸಾನ್ ಎಂಬ ಚಿತ್ರಕಾರನ ಬಳಿ ಕಲಿತ ಹುಡುಗ ಮ್ಯಾಡ್ರಿಡ್‌ನ ರಾಜಕೀಯ ಕಲಾ ಅಕಾಡೆಮಿಯ ಸ್ಪರ್ಧೆಗಳಲ್ಲಿ 1763 ಮತ್ತು 1766ರಲ್ಲಿ ಎರಡು ಬಾರಿ ಸೋತನು. ಸ್ವಂತ ಖರ್ಚಿನಲ್ಲಿ ಇಟಲಿಗೆ ಹೋಗಿಬಂದು, 1773ರಲ್ಲಿ ಅರಮನೆಯಲ್ಲಿ ಪ್ರಭಾವವಿದ್ದ ಫ್ರಾನ್ಸಿಸ್ಕೋ ಬಯೇವುವಿನ ತಂಗಿ ಹೋಸೆಫಾಳನ್ನು ಮದುವೆಯಾದನು. ನಂತರದ ಏರಿಕೆ ನಿಧಾನವಾದರೂ ನಿಲ್ಲಲಿಲ್ಲ. 1775ರಿಂದ ರಾಜಮನೆತನದ ನೇಯ್ಗೆ ಕಾರ್ಖಾನೆಗೆ ಗೋಡೆಜಮಖಾನೆಗಳ ಮಾದರಿಚಿತ್ರಗಳನ್ನು ಬರೆದನು. 1780ರಲ್ಲಿ ತನ್ನನ್ನು ತಿರಸ್ಕರಿಸಿದ್ದ ಅಕಾಡೆಮಿಯ ಸದಸ್ಯನಾದನು. 1789ರಲ್ಲಿ ನಾಲ್ಕನೆಯ ಚಾರ್ಲ್ಸ್‌ನ ಆಸ್ಥಾನ ಚಿತ್ರಕಾರನಾದನು. ಹಲವು ಮಕ್ಕಳು ಹುಟ್ಟಿದರೂ ಬೆಳೆದು ದೊಡ್ಡವನಾದವನು ಹಾವಿಯೆರ್ ಒಬ್ಬನೇ. ಮುಂದೆ ಅವನು ಬರೆದ ಹೋತಕ್ಕೆ ಕೂಸು ಒಪ್ಪಿಸುವ ತಾಯಂದಿರ ಚಿತ್ರಗಳನ್ನು ಈ ಸಾವುಗಳೊಂದಿಗೆ ನೇರವಾಗಿ ಗಂಟುಹಾಕುವ ವಿಮರ್ಶೆ ಅವಸರದ್ದು.

1792ರ ಕೊನೆಯಲ್ಲಿ ದಕ್ಷಿಣ ಸ್ಪೇನಿನ ಪ್ರವಾಸದಲ್ಲಿದ್ದಾಗ ಅವನಿಗೆ ಕಠಿಣವಾದ ಕಾಯಿಲೆ ತಗುಲಿತು. ಅದೇನೆಂದು ಇಂದಿಗೂ ಒಮ್ಮತವಿಲ್ಲ. ಕಾದಿಸ್ ನಗರದ ಗೆಳೆಯನ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿ ಬದುಕುಳಿದನಾದರೂ ಎರಡು ಕಿವಿಗಳೂ ಕೇಳದಾದವು. ಆಗ ಅವನಿಗೆ 46 ವರ್ಷ. ಚೇತರಿಸಿಕೊಂಡ ಬಳಿಕ ಯಾರೂ ಕೇಳದಿದ್ದ ವಿಷಯಗಳನ್ನು ಸಣ್ಣ ಗಾತ್ರದ ತಗಡುಗಳ ಮೇಲೆ ಬರೆದು 1794ರಲ್ಲಿ ಅಕಾಡೆಮಿಗೆ ಕಳುಹಿಸಿದನು. ಕೇಳಿ ಬರೆಸಿಕೊಂಡ ಚಿತ್ರಗಳಲ್ಲಿ ಕಲ್ಪನೆಗೆ ಎಡೆಯಿಲ್ಲವೆಂಬ ಅವನ ಅಸಮಾಧಾನ ಅಂದಿನ ಪತ್ರದಲ್ಲಿ ದಾಖಲಾಗಿದೆ. ಮಾಟಗಾತಿಯರು ಪ್ರವೇಶಿಸುವುದು ಈ ಬಾಗಿಲಿನಿಂದಲೇ.

ಅವರನ್ನು ಕೊಂಡವರು ಅಂಧಶ್ರದ್ಧೆಯ ಹಳ್ಳಿಗರಲ್ಲ, ಮ್ಯಾಡ್ರಿಡ್‌ನ ಅತ್ಯಂತ ಸುಶಿಕ್ಷಿತ ಶ್ರೀಮಂತರಾದ ಒಸುನಾ ದಂಪತಿಗಳು. ನಗರದ ಹೊರಗಿನ ತಮ್ಮ ವಿಹಾರಗೃಹಕ್ಕಾಗಿ ಅವರು 1798ರಲ್ಲಿ ಮಾಟಕ್ಕೆ ಸಂಬಂಧಿಸಿದ ಆರು ಪುಟ್ಟ ತೈಲಚಿತ್ರಗಳನ್ನು 6000 ರಿಯಾಲ್ ಕೊಟ್ಟು ಪಡೆದರು. ಒಂದರಲ್ಲಿ ಎಲೆಗಳ ಹಾರವನ್ನು ಕೊಂಬಿಗೆ ಸುತ್ತಿಕೊಂಡ ಹೋತವು ಬೆಳದಿಂಗಳಲ್ಲಿ ಕುಳಿತಿದೆ. ಸುತ್ತಲಿನ ಹೆಂಗಸರು ಬಡಕಲು ಕೂಸುಗಳನ್ನು ಎತ್ತಿ ಹಿಡಿದಿದ್ದಾರೆ. ಇನ್ನೊಂದು ನೇರವಾಗಿ ರಂಗಭೂಮಿಯಿಂದ ಬಂದುದು. ಅಂತೋನಿಯೋ ದೆ ಸಮೋರಾನ ಹಾಸ್ಯನಾಟಕವೊಂದರ ನಾಯಕ ತನಗೆ ಮಾಟವಾಗಿದೆ, ದೀಪ ಆರಿದರೆ ತನ್ನ ಪ್ರಾಣವೂ ಹೋಗುತ್ತದೆ ಎಂದು ನಂಬಿ ನಡುಗುತ್ತ ಎಣ್ಣೆ ಹೊಯ್ಯುವ ದೃಶ್ಯವದು. ಮೂರನೆಯದು ಇವೆಲ್ಲಕ್ಕಿಂತ ಮಹತ್ವದ್ದು. ಅದರಲ್ಲಿ ಎತ್ತರದ ಚೂಪು ಟೋಪಿ ತೊಟ್ಟ ಮೂವರು ಬೆತ್ತಲೆ ಮನುಷ್ಯನೊಬ್ಬನನ್ನು ಗಾಳಿಯಲ್ಲಿ ಎತ್ತಿ ಹಿಡಿದು ಅವನ ಮೈಗೆ ಬಾಯಿ ಇಟ್ಟಿದ್ದಾರೆ. ಕೆಳಗೆ ನೆಲದ ಮೇಲೆ ಒಬ್ಬ ಕಿವಿ ಮುಚ್ಚಿಕೊಂಡು ಮಲಗಿದ್ದಾನೆ, ಮತ್ತೊಬ್ಬ ತಲೆಗೆ ಬಿಳಿಯ ಬಟ್ಟೆ ಹೊದ್ದು ದೃಷ್ಟಿ ತಗಲದಂತೆ ಬೆರಳುಗಳಲ್ಲಿ ಮುದ್ರೆ ಹಿಡಿದು ನಡೆದಿದ್ದಾನೆ, ಪಕ್ಕದಲ್ಲೊಂದು ಕತ್ತೆ. ಟೋಪಿಯ ಆಕಾರ ಗಮನಾರ್ಹ. ಅದು ಇನ್‌ಕ್ವಿಸಿಷನ್ ಎಂದು ಹೆಸರಾದ ಧರ್ಮವಿಚಾರಣಾ ನ್ಯಾಯಾಲಯವು ಅಪರಾಧಿಗಳ ತಲೆಗೆ ಹಾಕಿಸುತ್ತಿದ್ದ ಕಾಗದದ ಟೋಪಿಯನ್ನೂ ಬಿಷಪ್ಪರ ಕಿರೀಟವನ್ನೂ ಒಟ್ಟಿಗೆ ನೆನಪಿಸುತ್ತದೆ. ಹಾರುವವರು ಯಾರು, ಶಿಕ್ಷಿತರೋ ಶಿಕ್ಷಿಸಿದವರೋ ಎಂಬ ಅನುಮಾನವನ್ನು ಅದು ಹಾಗೆಯೇ ಉಳಿಸುತ್ತದೆ. ಇದೇ 1798ರಲ್ಲಿ ಗೋಯಾ ಸಂತ ಅಂತೋನಿಯೋ ದೆ ಲಾ ಫ್ಲೋರಿದಾ ದೇಗುಲದ ಗುಮ್ಮಟದಲ್ಲಿ ಸಂತನು ಸತ್ತವನನ್ನು ಬದುಕಿಸುವ ಪವಾಡವನ್ನೂ ಬರೆದನೆಂಬುದನ್ನು ಮರೆಯುವಂತಿಲ್ಲ.

ಗೋಯಾ ಮಾಟಗಾತಿಯರ ಸಾಮೂಹಿಕ ವಿಚಾರಣೆಯನ್ನು ಕಂಡವನಲ್ಲ. ಅವನ ಮಾಟಗಾತಿ ಪುಸ್ತಕ, ನಾಟಕ, ಹರಟೆಗಳಿಂದ ಬಂದವಳು. ಸ್ಪೇನಿನ ಅತ್ಯಂತ ಕುಖ್ಯಾತ ಪ್ರಕರಣ ನಡೆದದ್ದು 1610ರಲ್ಲಿ. ಬಾಸ್ಕ್ ಸೀಮೆಯ ಸುಗರ್ರಾಮುರ್ದಿ ಹಾಗೂ ಸುತ್ತಲ ಹಳ್ಳಿಗಳವರನ್ನು ಲೋಗ್ರೋನ್ಯೋ ನಗರಕ್ಕೆ ಎಳೆತಂದು ವಿಚಾರಿಸಲಾಯಿತು. ಆರು ಮಂದಿಯನ್ನು ಜೀವಂತ ಸುಟ್ಟರು. ಸೆರೆಯಲ್ಲಿಯೇ ಸತ್ತಿದ್ದ ಐವರ ಪ್ರತಿಕೃತಿಗಳನ್ನು ಸುಟ್ಟರು. ಆ ಪೀಠದಲ್ಲಿದ್ದ ಆಲೋನ್ಸೋ ದೆ ಸಲಸಾರ್ ಎಂಬ ನ್ಯಾಯಾಧೀಶನಿಗೆ ಸಾಕ್ಷ್ಯದ ಬಗ್ಗೆ ತೃಪ್ತಿಯಿರಲಿಲ್ಲ. ಮರುವರ್ಷ ಅವನು ಹಳ್ಳಿಗಳಲ್ಲಿ ತಿರುಗಿ 1800ಕ್ಕೂ ಮಿಕ್ಕ ಜನರ ಹೇಳಿಕೆಗಳನ್ನು ಪಡೆದು, ಮುಲಾಮು ಪುಡಿಗಳನ್ನು ಪರೀಕ್ಷೆಗೊಡ್ಡಿ, ಒಂದೇ ಒಂದು ಮಾಟದ ಕೃತ್ಯಕ್ಕೂ ಆಧಾರವಿಲ್ಲವೆಂದು ವರದಿ ಮಾಡಿದನು. ಮಾಟದ ಬಗ್ಗೆ ಮಾತು ಮತ್ತು ಬರಹ ಹಬ್ಬಿದ ಮೇಲೆಯೇ ಮಾಟಗಾತಿಯರು ಕಾಣಿಸಿಕೊಂಡರೆಂಬುದು ಅವನ ನಿಲುವಾಗಿತ್ತು. 1614ರಲ್ಲಿ ಧರ್ಮವಿಚಾರಣೆಯ ಉನ್ನತ ಮಂಡಳಿ ಅವನ ಸಲಹೆಗಳನ್ನು ಬಹುಮಟ್ಟಿಗೆ ಒಪ್ಪಿತು. ಚೋದ್ಯವೆಂದರೆ ಆ ವರದಿ ದಫ್ತರದಲ್ಲೇ ಉಳಿಯಿತು, ಅಚ್ಚಾಗಿ ಊರೂರು ಸುತ್ತಿದ್ದು ಲೋಗ್ರೋನ್ಯೋದ ಶಿಕ್ಷೆಯ ವೃತ್ತಾಂತ. ಗೋಯಾನ ಆಪ್ತನಾದ ನಾಟಕಕಾರ ಲೆಯಾಂದ್ರೋ ದೆ ಮೊರಾತಿನ್ ಈ ವೃತ್ತಾಂತವನ್ನು ವ್ಯಂಗ್ಯದ ಟಿಪ್ಪಣಿಗಳೊಂದಿಗೆ 1811ರಲ್ಲಿ ಮರುಮುದ್ರಿಸಿದನು. ಗೆಳೆಯರ ಈ ವಲಯದಲ್ಲಿ ಮಾಟಗಾತಿ ಭಯದ ವಸ್ತುವಾಗಿ ಉಳಿದಿರಲಿಲ್ಲ, ನಗೆಯ ವಸ್ತುವಾಗಿದ್ದಳು.

ಈ ನಗೆಯನ್ನು ಬೀದಿಗೆ ತಂದದ್ದು ಕಪ್ರೀಚೋಸ್ ಎಂಬ 80 ಅಚ್ಚುಚಿತ್ರಗಳ ಸಂಪುಟ. ತಾಮ್ರದ ತಗಡಿನ ಮೇಲೆ ಗೆರೆಗಳನ್ನು ಆಮ್ಲದಿಂದ ಕೊರೆಯುವ ಪದ್ಧತಿಗೆ ರಾಳದ ಪುಡಿ ಉದುರಿಸಿ ಬೂದುಬಣ್ಣದ ನೆರಳು ಪಡೆಯುವ ಅಕ್ವಾಟಿಂಟ್ ವಿಧಾನವನ್ನು ಗೋಯಾ ಕೂಡಿಸಿದನು. ಅವನ ರಾತ್ರಿಗಳ ದಟ್ಟಣೆ ಈ ರಾಳದಿಂದ ಹುಟ್ಟಿದ್ದು. 1799ರ ಫೆಬ್ರವರಿ 6ರಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. ದೆಸೆಂಗಾನ್ಯೋ ಬೀದಿಯ ಅತ್ತರು ಮತ್ತು ಮದ್ಯದ ಅಂಗಡಿಯೊಂದರಲ್ಲಿ ಸಂಪುಟಕ್ಕೆ 320 ರಿಯಾಲ್ ಬೆಲೆ. ಬೀದಿಯ ಹೆಸರಿಗೆ ಭ್ರಮನಿರಸನವೆಂಬ ಅರ್ಥವಿರುವುದು ಕೇವಲ ಕಾಕತಾಳೀಯ. ಮಾರಾಟವಾದವು 27 ಪ್ರತಿಗಳು. 1803ರಲ್ಲಿ ತಗಡುಗಳನ್ನೂ ಉಳಿದ 240 ಪ್ರತಿಗಳನ್ನೂ ದೊರೆಗೆ ಒಪ್ಪಿಸಿ ಮಗನಿಗೆ ವೇತನ ಪಡೆದುಕೊಂಡನು. ತನ್ನ ಮೇಲೆ ಧರ್ಮವಿಚಾರಣೆಗೆ ದೂರು ಹೋಗಿತ್ತೆಂದು ಬಹುಕಾಲದ ನಂತರ ಪತ್ರವೊಂದರಲ್ಲಿ ತಿಳಿಸಿದ್ದಾನೆ.

ಸಂಪುಟದ 43ನೆಯ ಚಿತ್ರದಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ ಕಲಾವಿದನ ಬೆನ್ನ ಹಿಂದೆ ಗೂಬೆ ಬಾವಲಿಗಳು ಏಳುತ್ತವೆ. ಅದರ ಶೀರ್ಷಿಕೆಯಲ್ಲಿರುವ ಸ್ಪ್ಯಾನಿಷ್ ಪದಕ್ಕೆ ನಿದ್ದೆ, ಕನಸು ಎಂಬೆರಡೂ ಅರ್ಥಗಳಿವೆ. ವಿವೇಕ ನಿದ್ರಿಸಿದಾಗ ಪಿಶಾಚಿಗಳು ಹುಟ್ಟುವವೋ, ವಿವೇಕವೇ ಅವುಗಳನ್ನು ಕನಸುವುದೋ ಎಂಬ ಇಬ್ಬಂದಿ ಮೂಲದಲ್ಲಿದೆ. ಕನ್ನಡದಲ್ಲಿ ಒಂದನ್ನು ಆರಿಸಿದರೆ ಇನ್ನೊಂದು ಕಳೆದುಹೋಗುತ್ತದೆ. ಮುಂದಿನ ಪುಟಗಳಲ್ಲಿ ಮಾಟಗಾತಿಯರ ಸಾಲೇ ಇದೆ. 68ನೆಯದರಲ್ಲಿ ಮುದುಕಿಯೊಬ್ಬಳು ತರುಣಿಯನ್ನು ಪೊರಕೆಯ ಮೇಲೆ ಕೂರಿಸಿಕೊಂಡು ಹಾರಲು ಕಲಿಸುತ್ತಿದ್ದಾಳೆ. ಇವುಗಳಿಗಿಂತ ಮೊದಲೇ ಬರುವ 23 ಮತ್ತು 24ನೆಯ ಚಿತ್ರಗಳ ಧ್ವನಿ ಬೇರೆ. ಅಲ್ಲಿ ಹಾರಾಟವಿಲ್ಲ. ಚೂಪು ಟೋಪಿ ತೊಟ್ಟ ಹೆಂಗಸು ವೇದಿಕೆಯ ಮೇಲೆ ತಲೆತಗ್ಗಿಸಿ ತೀರ್ಪು ಕೇಳುತ್ತಾಳೆ. ಅರೆಬೆತ್ತಲಾಗಿ ಕತ್ತೆಯ ಮೇಲೆ ಕುಳಿತು ನಗುವ ಜನಜಂಗುಳಿಯ ನಡುವೆ ಸಾಗುತ್ತಾಳೆ. ಗುಂಪಿನ ಮುಖಗಳು ವಿಕಾರ, ಅವಳ ಮುಖ ಮಾತ್ರ ಮನುಷ್ಯರದು.

ಗೋಯಾನನ್ನು ವಿಚಾರವಾದಿಯೆಂದು ಕೊಂಡಾಡುವ ಬರಹಗಳು ಈ ಭೇದವನ್ನು ಸಾಮಾನ್ಯವಾಗಿ ದಾಟಿಹೋಗುತ್ತವೆ. ಶಿಕ್ಷೆಗೊಳಗಾದ ಹೆಣ್ಣಿಗೆ ಅವನ ಕರುಣೆಯಿದೆ ನಿಜ. ಆದರೆ ಮೌಢ್ಯವನ್ನು ಗೇಲಿ ಮಾಡಲು ಅವನು ಬಳಸಿದ ಸಾಧನ ಬೊಚ್ಚುಬಾಯಿಯ, ಜೋತ ಮೈಯ ಬಡ ಮುದುಕಿಯೇ. ಬಾಲ್ಡುಂಗ್ ಕೆತ್ತಿದ ಆ ದೇಹ ಗೋಯಾನಲ್ಲಿ ಕೇಡಿನ ಗುರುತಾಗಿ ಉಳಿಯದಿದ್ದರೂ ಹೇಸಿಗೆಯ ಗುರುತಾಗಿ ಉಳಿಯಿತು. ನ್ಯಾಯಾಲಯದಿಂದ ಅವಳನ್ನು ಬಿಡಿಸಿದ ವೈಚಾರಿಕತೆಗೆ ನಗೆಯಿಂದ ಬಿಡಿಸುವುದು ಸಾಧ್ಯವಾಗಲಿಲ್ಲ.

1799ರ ಅಕ್ಟೋಬರಿನಲ್ಲಿ ಅವನು ಅರಮನೆಯ ಪ್ರಧಾನ ಚಿತ್ರಕಾರನಾದನು. 1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನನ್ನು ಆಕ್ರಮಿಸಿತು. ಧರ್ಮವಿಚಾರಣೆ ಆ ವರ್ಷವೇ ರದ್ದಾಯಿತು, ಆದರೆ ವೈಚಾರಿಕತೆಯ ಹೆಸರಿನಲ್ಲಿ ಬಂದವರೇ ಕೊಲೆಗಡುಕರಾದುದನ್ನು ಗೋಯಾ ಯುದ್ಧದ ಅನಾಹುತಗಳೆಂಬ ಅಚ್ಚುಚಿತ್ರಮಾಲೆಯಲ್ಲಿ ದಾಖಲಿಸಿದನು. ಅದು ಬೆಳಕು ಕಂಡದ್ದು 1863ರಲ್ಲಿ. 1812ರಲ್ಲಿ ಹೋಸೆಫಾ ತೀರಿಕೊಂಡಳು. 1814ರಲ್ಲಿ ಸಿಂಹಾಸನಕ್ಕೆ ಮರಳಿದ ಏಳನೆಯ ಫರ್ಡಿನಾಂಡ್ ಧರ್ಮವಿಚಾರಣೆಯನ್ನು ಮತ್ತೆ ಸ್ಥಾಪಿಸಿದನು. ಬೆತ್ತಲೆ ಮಾಹಾ ಚಿತ್ರದ ವಿಷಯದಲ್ಲಿ 1815ರಲ್ಲಿ ಅದು ಗೋಯಾನಿಗೇ ಕರೆ ಕಳುಹಿಸಿತು. ಟೋಪಿ ತೊಟ್ಟವರ ಚಿತ್ರ ಬರೆದವನು ಈಗ ಟೋಪಿಯ ಸಮೀಪಕ್ಕೆ ಬಂದಿದ್ದನು. ಶಿಕ್ಷೆಯಾಗಲಿಲ್ಲ.

1819ರಲ್ಲಿ ಮಾನ್ಸನಾರೆಸ್ ನದಿಯಾಚೆ ತೋಟದ ಮನೆಯೊಂದನ್ನು ಕೊಂಡನು. ಕಿವುಡನ ಮನೆಯೆಂಬ ಅದರ ಹೆಸರು ಹಿಂದಿನ ಮಾಲೀಕನಿಂದ ಬಂದುದು, ಗೋಯಾನಿಂದಲ್ಲ. ಅದೇ ವರ್ಷ ಮತ್ತೊಮ್ಮೆ ಸಾವಿನಂಚಿಗೆ ಹೋಗಿಬಂದನು. ಮುಂದಿನ ನಾಲ್ಕು ವರ್ಷಗಳಲ್ಲಿ ಆ ಮನೆಯ ಗೋಡೆಗಳ ಗಾರೆಯ ಮೇಲೆ ನೇರವಾಗಿ ಎಣ್ಣೆಬಣ್ಣದಲ್ಲಿ 14 ಚಿತ್ರಗಳನ್ನು ಬರೆದನು. ಅವುಗಳಿಗೆ ಗಿರಾಕಿಯಿಲ್ಲ, ಅವನಿಟ್ಟ ಹೆಸರೂ ಇಲ್ಲ. ಕಪ್ಪು ಚಿತ್ರಗಳೆಂಬ ಹೆಸರು ಪರರದು. 2003ರಲ್ಲಿ ಹ್ವಾನ್ ಹೋಸೆ ಹುಂಕೆರಾ ಎಂಬ ಕಲಾ ಇತಿಹಾಸಕಾರ ಇವು ಗೋಯಾನವೇ ಅಲ್ಲವೆಂದು ವಾದಿಸಿದ್ದುಂಟು. ಬಹುಪಾಲು ವಿದ್ವಾಂಸರು ಅದನ್ನು ಒಪ್ಪಿಲ್ಲ.

ನೆಲಮಾಳಿಗೆಯಲ್ಲದ ಕೆಳ ಅಂತಸ್ತಿನ ಉದ್ದಗೋಡೆಯ ಮೇಲೆ ಹೋತ ಮತ್ತೆ ಬಂತು. ಒಸುನಾ ದಂಪತಿಗಳಿಗಾಗಿ ಬರೆದ ಚಿತ್ರದಲ್ಲಿ ಹೋತ ನಡುವೆ ನಮ್ಮೆದುರು ಕುಳಿತಿತ್ತು, ಹಾರದಿಂದ ಅಲಂಕೃತವಾಗಿತ್ತು, ತುಸು ಹಾಸ್ಯಾಸ್ಪದವೂ ಆಗಿತ್ತು. ಇಲ್ಲಿ ಅದು ಎಡಕ್ಕೆ ಸರಿದ ಕಪ್ಪು ನೆರಳು ಮಾತ್ರ. ಬೆಳಕು ಬಿದ್ದಿರುವುದು ಕೇಳುತ್ತ ಕುಳಿತವರ ಮುಖಗಳ ಮೇಲೆ. ಬಾಯಿ ತೆರೆದು, ಕಣ್ಣರಳಿಸಿ, ಒಬ್ಬರಿಗೊಬ್ಬರು ಒತ್ತಿಕೊಂಡು ಹೋತವನ್ನೇ ನೋಡುತ್ತಿರುವ ಆ ಗುಂಪಿನಲ್ಲಿ ಪೊರಕೆಯಿಲ್ಲ, ಹಾರಾಟವಿಲ್ಲ. ಕಪ್ರೀಚೋಸ್‌ನಲ್ಲಿ ಕತ್ತೆಯ ಸುತ್ತ ನಿಂತಿದ್ದ ಜನಜಂಗುಳಿಯೂ ಅಕೆಲಾರ್ರೆಯ ಕೂಟವೂ ಇಲ್ಲಿ ಒಂದಾಗಿಬಿಟ್ಟಿವೆ. ಮಾಟವನ್ನು ನಂಬುವವರನ್ನು ದೂರದಿಂದ ನೋಡಿ ನಗಬಹುದಾಗಿದ್ದ ಸ್ಥಾನ ಈ ಗೋಡೆಯ ಮುಂದೆ ಪ್ರೇಕ್ಷಕನಿಗೆ ದೊರೆಯುವುದಿಲ್ಲ.

1823ರಲ್ಲಿ ಮನೆಯನ್ನು ಮೊಮ್ಮಗ ಮರಿಯಾನೋನ ಹೆಸರಿಗೆ ಬರೆದನು. ಮರುವರ್ಷ ಫ್ರಾನ್ಸಿಗೆ ಹೋಗಿ, ಮೊರಾತಿನ್ ಮುಂತಾದ ದೇಶಭ್ರಷ್ಟ ಗೆಳೆಯರಿದ್ದ ಬೋರ್ಡೋ ನಗರದಲ್ಲಿ ನೆಲೆಸಿದನು. 1828ರ ಏಪ್ರಿಲ್ 16ರಂದು ಅಲ್ಲಿಯೇ ನಿಧನನಾದನು. ಸ್ಪೇನಿನಲ್ಲಿ ಧರ್ಮವಿಚಾರಣೆ ಕೊನೆಯದಾಗಿ ರದ್ದಾದದ್ದು ಅದಾದ ಆರು ವರ್ಷಕ್ಕೆ, 1834ರಲ್ಲಿ.

ಗೋಡೆಗಳು ಶಿಥಿಲವಾಗುತ್ತಿದ್ದಾಗ ಮನೆಯನ್ನು ಕೊಂಡಿದ್ದ ಬ್ಯಾರನ್ ಎಮಿಲ್ ದೆರ್ಲಾಂಜೆ 1874ರಿಂದ ಆ ಚಿತ್ರಗಳನ್ನು ಗಾರೆಯಿಂದ ಎಬ್ಬಿಸಿ ಕ್ಯಾನ್ವಾಸಿಗೆ ವರ್ಗಾಯಿಸಲು ಸಾಲ್ವದೋರ್ ಮಾರ್ತಿನೆಸ್ ಕುಬೆಲ್ಸ್‌ನನ್ನು ನೇಮಿಸಿದನು. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಅವು ಮೆಚ್ಚುಗೆ ಗಳಿಸಲಿಲ್ಲ; 1881ರಲ್ಲಿ ಸ್ಪೇನ್ ಸರಕಾರಕ್ಕೆ ದಾನವಾಗಿ ಬಂದು ಇಂದು ಪ್ರಾದೋ ಸಂಗ್ರಹಾಲಯದಲ್ಲಿವೆ. ವರ್ಗಾವಣೆಯಲ್ಲಿ ಬಣ್ಣ ಉದುರಿತು, ಕೆಲವೆಡೆ ಹೊಸದಾಗಿ ಬರೆಯಲಾಯಿತು. ಹೋತದ ಚಿತ್ರದ ಬಲಭಾಗದಲ್ಲಿ ಒಂದು ಮೀಟರಿಗೂ ಹೆಚ್ಚು ಅಗಲ ಇಲ್ಲವಾಯಿತು. ಆ ಬದಿಯಲ್ಲಿ ಕಪ್ಪು ಉಡುಪಿನ ತರುಣಿಯೊಬ್ಬಳು ಗುಂಪಿಗೆ ಸೇರದೆ ಕುರ್ಚಿಯ ಮೇಲೆ ಒಂಟಿಯಾಗಿ ಕುಳಿತಿದ್ದಾಳೆ. ಈಗ ಅವಳು ಚೌಕಟ್ಟಿನ ಅಂಚಿಗೆ ತಳ್ಳಲ್ಪಟ್ಟವಳಂತೆ ಕಾಣುತ್ತಾಳೆ. ವರ್ಗಾವಣೆಗೆ ಮುನ್ನ ತೆಗೆದ ಛಾಯಾಚಿತ್ರದಲ್ಲಿ ಅವಳ ಬೆನ್ನ ಹಿಂದೆ ಬಯಲು ಇನ್ನೂ ಮುಂದುವರಿದಿದೆ, ಅವಳಿರುವುದು ಗೋಡೆಯ ನಡುವಿಗೆ ಹೆಚ್ಚು ಹತ್ತಿರದಲ್ಲಿ.